ಕುದುರೆಯ ಉಣ್ಣಿ ಜ್ವರ: ಸ್ಮಿಯರ್ ಸಾಕಾ, ಎಲೈಸಾ ಬೇಕಾ, ಪಿಸಿಆರ್ ಬೇಕಾ?

ಹುಬ್ಬಳ್ಳಿ-ಧಾರವಾಡದಲ್ಲಿ ಮೆರವಣಿಗೆಗೆಂದು ಕುದುರೆ ಸಾಕಿದ್ದೀರಾ? ಅದಕ್ಕೆ ಈಗ ಜ್ವರ ಇದ್ದು, ಒಸಡು ಬಿಳಿಚಿದ್ದರೆ ಅದು ಉಣ್ಣಿ ಕಚ್ಚಿ ಹರಡುವ, ರಕ್ತದ ಪರೋಪಜೀವಿಯಿಂದ ಬರುವ ಉಣ್ಣಿ ಜ್ವರ ಇರಬಹುದು; ಮೊದಲು ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಿ. ಖರ್ಚು ಕಡಿಮೆ, ಉತ್ತರವೂ ಬೇಗ. ಗಾಜಿನ ಮೇಲೆ ಒಂದು ಹನಿ ಎಳೆದು ಗೀಮ್ಸಾ ಬಣ್ಣ ಹಾಕಿದರೆ, ಕೆಂಪು ರಕ್ತಕಣದೊಳಗೆ ಥೈಲೇರಿಯಾ ಈಕ್ವಿ ಎಂಬ ಪರೋಪಜೀವಿ ಕೆಲವೊಮ್ಮೆ ನಾಲ್ಕು ಸೇರಿ ಶಿಲುಬೆಯ ಹಾಗೆ ಕಾಣುತ್ತದೆ. ಈ ಜ್ವರ ತರುವ ಇನ್ನೊಂದು ಪರೋಪಜೀವಿ ಬೇಬೀಸಿಯಾ ಕ್ಯಾಬಲಿ ಕೊಂಚ ದೊಡ್ಡದು, ಹೆಚ್ಚಾಗಿ ಜೋಡಿಯಾಗಿರುತ್ತದೆ.

ಆದರೆ ಜ್ವರ ಇಳಿದ ಮೇಲೆ ಪರೋಪಜೀವಿ ತೀರಾ ಕಡಿಮೆ ಆಗಿಬಿಡುತ್ತದೆ. ಸ್ಮಿಯರ್‌ನಲ್ಲಿ ಸಿಗೋದೇ ಕಷ್ಟ. ಥೈಲೇರಿಯಾ ಅಂತೂ ಜೀವನಪೂರ್ತಿ ಒಳಗೇ ಉಳಿಯಬಹುದು, ನೋಡೋಕೆ ಕುದುರೆ ಗಟ್ಟಿಮುಟ್ಟಾಗೇ ಇರುತ್ತದೆ. ಹಾಗಾಗಿ ಕುದುರೆ ಕೊಳ್ಳುವಾಗ ಬರೀ ಸ್ಮಿಯರ್ ನಂಬಬೇಡಿ. ಆಗ ನನ್ನ ಆಯ್ಕೆ ಸಿ-ಎಲೈಸಾ (ಎಲೈಸಾ ರಕ್ತಪರೀಕ್ಷೆಯ ಒಂದು ಬಗೆ). ಅದು ಹುಡುಕೋದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಮಾತ್ರ ಸೋಂಕಿದ್ದರೂ ಅದು ನೆಗೆಟಿವ್ ತೋರಿಸಬಹುದು.

ಪಿಸಿಆರ್ ಪರೋಪಜೀವಿಯ ಡಿಎನ್‌ಎಯನ್ನೇ ಹಿಡಿಯುತ್ತದೆ, ಯಾವ ಜಾತಿ ಅಂತಲೂ ಹೇಳುತ್ತದೆ. ಖರ್ಚು ಜಾಸ್ತಿ. ಜ್ವರ ಇದ್ದೂ ಸ್ಮಿಯರ್‌ನಲ್ಲಿ ಏನೂ ಕಾಣದಿದ್ದರೆ ಇದಕ್ಕೇ ಹೋಗಿ. ಪಿಸಿಆರ್‌ಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ) ಟ್ಯೂಬಿನ ರಕ್ತ ಬೇಕು, ಎಲೈಸಾಗೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ). ಯಾವುದೇ ಆಗಲಿ, ಔಷಧದ ಇಂಜೆಕ್ಷನ್‌ಗೆ ಮೊದಲೇ ರಕ್ತ ತೆಗೆಸಿಡಿ.