ಸೆಕೆಂಡ್‌ಹ್ಯಾಂಡ್ ಡುಕಾಟಿ ಸೂಪರ್‌ಸ್ಪೋರ್ಟ್ ಎಸ್: ಕೊಂಡು, ಓಡಿಸಿ, ಮಾರಿದ ಮೇಲೆ

ಡುಕಾಟಿ ಸೂಪರ್‌ಸ್ಪೋರ್ಟ್ ಎಸ್ ಬೈಕನ್ನು ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡು, ಕೆಲವು ವರ್ಷ ಓಡಿಸಿ, ಇತ್ತೀಚೆಗೆ ಮಾರಿದವನ ಅಭಿಪ್ರಾಯವಿದು. 2017ರಲ್ಲಿ ಭಾರತಕ್ಕೆ ಬಂದ ಈ ಮಾದರಿ ಡುಕಾಟಿಯದೇ ರೇಸ್ ಶೈಲಿಯ ಬೈಕಾದ ಪಾನಿಗಾಲೆಯಂತೆ ಸವಾರನನ್ನು ಟ್ಯಾಂಕಿನ ಮೇಲೆ ಬಗ್ಗಿಸುವುದಿಲ್ಲ. ಹ್ಯಾಂಡಲ್ ಎತ್ತರದಲ್ಲಿದೆ, ಸೀಟು ನೆಲದಿಂದ 810 ಮಿ.ಮೀ. ಇದೆ, ಹಿಂದೆ ಒಬ್ಬರು ನೆಮ್ಮದಿಯಾಗಿಯೇ ಕೂರಬಹುದು. 937 ಸಿಸಿಯ ಎರಡು ಸಿಲಿಂಡರ್ ಎಂಜಿನ್ನಿಗೆ 110 ಅಶ್ವಶಕ್ತಿಯ ಆಸುಪಾಸಿನ ಬಲವಿದೆ. ಎಸ್ ಮಾದರಿಗೆ ಮುಂದೆಯೂ ಹಿಂದೆಯೂ ಓಲಿನ್ಸ್ ಕಂಪನಿಯ ಸಸ್ಪೆನ್ಷನ್ ಮತ್ತು ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಕ್ವಿಕ್‌ಶಿಫ್ಟರ್ ಇರುವುದರಿಂದ, ಬೆಲೆಯ ಅಂತರ ತೀರಾ ದೊಡ್ಡದಲ್ಲದಿದ್ದರೆ ಸಾದಾ ಮಾದರಿಗಿಂತ ಇದೇ ಲೇಸು.

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಈ ಬೈಕಿನ ಬಗ್ಗೆ ದೂರಲು ಏನೂ ಸಿಗುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಾತ್ರ ಬೇಕಾದಷ್ಟು ಸಿಗುತ್ತದೆ: ಎಂಜಿನ್ನಿನ ಬಿಸಿ ತೊಡೆಗೆ ತಾಗುತ್ತದೆ, 3,000 ಆರ್‌ಪಿಎಂಗಿಂತ ಕೆಳಗೆ ಬೈಕು ಕುಲುಕುತ್ತದೆ. ದಿನವೂ ಕಚೇರಿಗೆ ಹೋಗಿಬರಲು ಬೇಕೆನ್ನುವವರು ಬೇರೆ ಬೈಕು ನೋಡಿಕೊಳ್ಳುವುದು ಒಳ್ಳೆಯದು.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಸರ್ವಿಸ್ ದಾಖಲೆ. ಡುಕಾಟಿಯ ಡೆಸ್ಮೊ ಪದ್ಧತಿಯಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗ್ ಅಲ್ಲ, ಇನ್ನೊಂದು ರಾಕರ್ (ಸಣ್ಣ ಸನ್ನೆಕೋಲು); ಆದ್ದರಿಂದ ಎಂಟು ವಾಲ್ವುಗಳಿಗೆ ತೆರೆಯುವ ಬದಿಯದು ಎಂಟು, ಮುಚ್ಚುವ ಬದಿಯದು ಎಂಟು, ಹೀಗೆ ಒಟ್ಟು ಹದಿನಾರು ಅಂತರಗಳನ್ನು ಅಳೆದು ಸರಿಪಡಿಸಬೇಕಾಗುತ್ತದೆ. ಈ ಕೆಲಸ ಬರುವುದು 30,000 ಕಿ.ಮೀ.ಗೆ. ಆದರೆ ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ರಬ್ಬರ್ ಟೈಮಿಂಗ್ ಬೆಲ್ಟುಗಳನ್ನು, ಬೈಕು ಓಡಲಿ ಬಿಡಲಿ, ಐದು ವರ್ಷಕ್ಕೆ ಬದಲಿಸಲೇಬೇಕು. ಬೆಲ್ಟು ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಆರು ವರ್ಷದಲ್ಲಿ ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡಿ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿದ್ದ ಬೈಕಿಗೆ ಬೆಲ್ಟು, ಟೈರು, ಬ್ರೇಕ್ ಆಯಿಲ್, ಬ್ಯಾಟರಿ ಎಲ್ಲವೂ ಹೊಸದಾಗಿಯೇ ಬೇಕು. ಬಿಲ್ಲುಗಳ ಸಮೇತ ಇಪ್ಪತ್ತು ಸಾವಿರ ಓಡಿದ ಬೈಕಿಗೆ ನಾನು ಹೆಚ್ಚು ಹಣ ಕೊಟ್ಟೇನು.

ನೋಡಲು ಹೋಗುವ ಮುಂಚೆ ಎಂಜಿನ್ ಶುರು ಮಾಡಬೇಡಿ ಎಂದು ಮಾರುವವರಿಗೆ ಹೇಳಿರಬೇಕು, ಹೋದೊಡನೆ ಎಂಜಿನ್ ಕವಚವನ್ನು ಮುಟ್ಟಿ ನೋಡಬೇಕು. ತಣ್ಣಗಿದ್ದ ಎಂಜಿನ್ ಹೇಗೆ ಶುರುವಾಗುತ್ತದೆ ಎನ್ನುವುದರಲ್ಲೇ ಅರ್ಧ ಸಂಗತಿ ತಿಳಿದುಬಿಡುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದಿದ್ದರೆ 2019ರ 23ನೇ ವಾರದ ಟೈರು. ಮುಂದಿನ ಚಕ್ರವನ್ನು ಹಿಡಿದ ಫೋರ್ಕ್ ಮೇಲೆ ಬೆರಳಾಡಿಸಿದಾಗ ಎಣ್ಣೆ ಅಂಟಿದರೆ ಸೀಲು ಹೋಗಿದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಅದು ತಡೆದು ನಿಲ್ಲುವ ಜಾಗದಲ್ಲಿ ಫ್ರೇಮು ಜಜ್ಜಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಬೈಕಿನ ಹೊರ ಹೊದಿಕೆಯಾದ ಫೇರಿಂಗಿಗೆ ಹೊಸ ಬಣ್ಣ ಹೊಡೆದು ಬೈಕು ಬಿದ್ದದ್ದನ್ನು ಮುಚ್ಚಬಹುದು, ಈ ಗುರುತನ್ನು ಮುಚ್ಚುವುದು ಕಷ್ಟ.

ಕಡಿಮೆ ಬೆಲೆಯ ಆಸೆಗೆ ಮಹಾರಾಷ್ಟ್ರ, ದೆಹಲಿ ನೋಂದಣಿಯ ಬೈಕುಗಳತ್ತ ಮನಸ್ಸು ಹೋಗುವುದು ಸಹಜ. ಆದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿ, ಬೈಕಿನ ವಯಸ್ಸಿಗೆ ತಕ್ಕಂತೆ ಇಲ್ಲಿಯ ಜೀವಿತಾವಧಿ ತೆರಿಗೆಯನ್ನೂ ಕಟ್ಟುವಷ್ಟರಲ್ಲಿ ಉಳಿತಾಯವೆಂದುಕೊಂಡ ಹಣದ ಬಹುಪಾಲು ಕರಗಿರುತ್ತದೆ. ಸಾಲದಲ್ಲಿ ಕೊಂಡ ಬೈಕಾದರೆ ಸಾಲ ತೀರಿದೆ ಎನ್ನುವ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬಾರದು.

ಮಾರುವಾಗ ನನಗೆ ನೆರವಾದದ್ದು ಬಿಲ್ಲುಗಳ ಕಡತ. ದಲ್ಲಾಳಿಯೊಬ್ಬರು ಅದನ್ನು ತೆರೆದೂ ನೋಡದೆ ಬೆಲೆ ಹೇಳಿದರು. ನೇರವಾಗಿ ಬಂದ ಗ್ರಾಹಕರು ಬೆಲ್ಟು ಬದಲಿಸಿದ ದಿನಾಂಕವನ್ನು ಓದಿದ ಮೇಲೆ ಚೌಕಾಸಿಯನ್ನೇ ಬಿಟ್ಟರು. ಅಬ್ಬರದ ಎಕ್ಸಾಸ್ಟಿಗೆ ಹಾಕಿದ ದುಡ್ಡು ಮರಳುವುದಿಲ್ಲ, ಕಂಪನಿಯ ಮೂಲ ಸೈಲೆನ್ಸರ್ ಜೊತೆಗಿಲ್ಲದಿದ್ದರೆ ಬೆಲೆಯೇ ಇಳಿಯುತ್ತದೆ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರೆ ಕೆಲಸ ಮುಗಿಯಿತೆಂದು ಕೂರಬಾರದು. ಪರಿವಾಹನ್ ಜಾಲತಾಣದ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಗುವವರೆಗೆ ಆ ಬೈಕಿನ ದಂಡದ ನೋಟಿಸು ಬರುವುದು ಮಾರಿದವರ ಮನೆಗೇ.