ಪ್ರೊಫೈಲ್ ಲೈನ್‌ಗೆ ಲೇಸರ್ ಗೇಜ್: ಆರು ತಿಂಗಳು ಓಡಿಸಿದ ಮೇಲೆ

ಪಿವಿಸಿ ಪ್ರೊಫೈಲ್ ಲೈನ್‌ನಲ್ಲಿ (ಪಿವಿಸಿ ಕರಗಿಸಿ ಅಚ್ಚಿನಿಂದ ಉದ್ದುದ್ದ ಪಟ್ಟಿಯಾಗಿ ತೆಗೆಯೋ ಮೆಷಿನ್ ಸಾಲು) ಪುಲ್ಲರ್‌ಗಿಂತ, ಅಂದ್ರೆ ಆ ಪಟ್ಟಿ ಎಳೆಯೋ ಮೆಷಿನ್‌ಗಿಂತ, ಸ್ವಲ್ಪ ಮುಂಚೆ ಕೂರಿಸಿ ಅಗಲ ಅಳೆಯೋ ಲೇಸರ್ ಗೇಜ್ ತಗೊಂಡು ಆರು ತಿಂಗಳಾಯ್ತು, ಕಂಪ್ನಿ ಹೆಸ್ರು ಬೇಡ ಬಿಡಿ, ಬೈಯೋದೂ ಇದೆ.

ಮುಂಚೆ ಅರ್ಧ ಗಂಟೆಗೊಂದು ಪೀಸ್ ಕಟ್ ಮಾಡಿ ವರ್ನಿಯರ್ (ಕೈಯಲ್ಲಿ ಅಳೆಯೋ ಸಾಧನ) ಹಿಡೀತಿದ್ವಿ, ಎರಡು ಪೀಸ್ ಮಧ್ಯ ಏನಾಗ್ತಿತ್ತೋ ದೇವರಿಗೇ ಗೊತ್ತು. ಗೇಜ್ ಹಾಕಿದ ಮೊದಲ ವಾರಾನೇ ಗ್ರಾಫಲ್ಲಿ ಅಗಲ ಅಲೆ ಅಲೆಯಾಗಿ ಏರೋದು ಇಳಿಯೋದು ಕಾಣ್ತು, ಹತ್ತತ್ರ ಎಂಟು ನಿಮಿಷಕ್ಕೊಂದು ಸಲ. ಪ್ಲಾಸ್ಟಿಕ್ ತಳ್ಳೋ ಸ್ಕ್ರೂ ಸವೆದಿದೆ ಅಂತ ಒಬ್ರು, ಡೈ (ಅಚ್ಚು) ಹೀಟರ್ ಹೋಗಿದೆ ಅಂತ ಇನ್ನೊಬ್ರು, ಎರಡು ದಿನ ಜಗಳ ಆಡಿ ಕೊನೆಗೆ ನೋಡಿದ್ರೆ ನೀರು ತಣ್ಣಗೆ ಮಾಡೋ ಚಿಲ್ಲರ್‌ನ ಕಂಪ್ರೆಸರ್ ಆನ್ ಆಫ್ ಆಗೋ ಟೈಮಿಗೆ ಸರಿಯಾಗಿ ತಾಳೆ ಆಯ್ತು! ಕ್ಯಾಲಿಬ್ರೇಟರ್‌ಗೆ (ಬಿಸಿ ಪಟ್ಟಿನ ತಣ್ಣಗೆ ಮಾಡಿ ಆಕಾರ ಹಿಡಿದಿಡೋ ಭಾಗ) ಹೋಗೋ ನೀರು 4 ಡಿಗ್ರಿ ಮೇಲೆ ಕೆಳಗೆ ಆಡ್ತಿತ್ತು. ದೊಡ್ಡ ಟ್ಯಾಂಕ್ ಹಾಕಿದ್ವಿ, ಅಲೆ ಮುಕ್ಕಾಲು ಪಾಲು ಅಡಗ್ತು. ವರ್ನಿಯರ್‌ನಲ್ಲಿ ಇದು ಜನ್ಮದಲ್ಲಿ ಸಿಗ್ತಿರ್ಲಿಲ್ಲ.

ಈಗ ಬೈಗುಳ. ಮಾರೋವಾಗ ಆಟೋ ಮೋಡ್ ಇದೆ ಸರ್, ಸೈಜ್ ಜಾಸ್ತಿಯಾದ್ರೆ ಪುಲ್ಲರ್ ಸ್ಪೀಡ್ ತಾನೇ ಏರುತ್ತೆ ಅಂದ್ರು. ಕೇಬಲ್‌ಗೆ ಓಕೆ, ಆದ್ರೆ ಟೊಳ್ಳು ಪ್ರೊಫೈಲ್‌ನಲ್ಲಿ ಹೊರಗಿನ ಅಳತೆ ಹಿಡಿದಿಡೋದು ವ್ಯಾಕ್ಯೂಮ್ ಕ್ಯಾಲಿಬ್ರೇಟರ್ ಅಲ್ವಾ, ಪುಲ್ಲರ್ ಜೋರು ಮಾಡಿದ್ರೆ ಮೊದಲು ತೆಳುವಾಗೋದು ಗೋಡೆ, ಲೇಸರ್‌ಗೆ ಕಾಣೋದು ಬರೀ ಹೊರಗಿನ ನೆರಳು. ನಾವೂ ನಂಬಿ ಒಂದು ಶಿಫ್ಟ್ ಆಟೋದಲ್ಲಿ ಓಡಿಸಿದ್ವಿ, ಸ್ಕ್ರೀನ್ ಪೂರ್ತಿ ಹಸಿರು, ತೂಕಕ್ಕೆ ಹಾಕಿದ್ರೆ ಮೀಟರ್ ತೂಕ (ಒಂದು ಮೀಟರ್ ಉದ್ದದ ತೂಕ) ಕಮ್ಮಿ, ಆ ಶಿಫ್ಟ್ ಮಾಲೆಲ್ಲಾ ಗ್ರೈಂಡರ್‌ಗೆ. ಗೋಡೆ ಹಿಡೀಬೇಕಂದ್ರೆ ಮೀಟರ್ ತೂಕ ಹಿಡೀಬೇಕು, ಅದಕ್ಕೆ ಮಾಲು ಸುರಿಯೋ ಹಾಪರ್ ಮೇಲೆ, ಒಳಗೆ ಹೋಗೋ ಮಾಲನ್ನ ತೂಗಿ ಬಿಡೋ ಗ್ರಾವಿಮೆಟ್ರಿಕ್ ಫೀಡರ್ ಬೇಕು, ಅದು ಬೇರೇನೇ ಖರ್ಚು.

ಇನ್ನೊಂದು, ಗೇಜ್ ನೋಡೋದು ಬಿಸಿ ಪೀಸ್. ಪಿವಿಸಿ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತೆ, ಅಂದ್ರೆ 60 ಮಿ.ಮೀ. ಅಗಲದ್ದು 45 ಡಿಗ್ರಿಯಿಂದ 23ಕ್ಕೆ ಆರೋಷ್ಟರಲ್ಲಿ 0.09 ಮಿ.ಮೀ. ಹೋಯ್ತು. ಸಾಫ್ಟ್‌ವೇರಲ್ಲಿ ಒಂದೇ ಒಂದು ಆಫ್‌ಸೆಟ್ (ಅಳತೆಯಿಂದ ಕಳೆಯೋ ತಿದ್ದುಪಡಿ) ಕೊಟ್ಟಿದ್ದಾರೆ, ಲೈನ್ ಸ್ಪೀಡ್ ಬದಲಾದ್ರೆ ಪೀಸ್ ಬಿಸಿನೂ ಬದಲಾಗುತ್ತೆ, ಆಗ ಮತ್ತೆ ಕೈಯಲ್ಲೇ ಹಾಕ್ಬೇಕು. ಗಾಜಿನ ಮೇಲೆ ಒಂದು ನೀರಿನ ಹನಿ ಬಿದ್ರೂ ಅಲಾರಂ ಬೇರೆ, ಏರ್ ನಾಝಲ್ ನಾವೇ ಕಟ್ಕೊಂಡ್ವಿ.

5ಕ್ಕೆ 3.5 ಕೊಡ್ತೀನಿ, ಅಷ್ಟೂ ಆ ಗ್ರಾಫ್‌ಗೆ. ಆಟೋ ಸ್ವಿಚ್ ಮೇಲೆ ಟೇಪ್ ಅಂಟಿಸಿದ್ದೀವಿ.