ಟ್ರಾಫಿಕ್ ಅಳೆಯಲು ಯಾವುದು: ಟವರ್ ಡೇಟಾ, ಜಿಪಿಎಸ್, ಕ್ಯಾಮೆರಾ?

ಮೊದಲು ನಿಖರತೆ ನೋಡಿ, ಹೆಚ್ಚಿನವರು ಎಡವುವುದೇ ಅಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನೇ ತೆಗೆದುಕೊಳ್ಳಿ: ಮೇಲೆ ಫ್ಲೈಓವರ್‌ನಲ್ಲಿ ಕಾರು ಓಡುತ್ತಿದೆ, ಕೆಳಗೆ ಬಸ್ಸು ನಿಂತಿದೆ. ಎರಡರಲ್ಲಿರುವ ಫೋನುಗಳೂ ಒಂದೇ ಮೊಬೈಲ್ ಟವರ್‌ಗೆ ಸಿಕ್ಕಿರಬಹುದು. ಟವರ್ ಡೇಟಾದ (ಯಾವ ಫೋನು ಯಾವ ಟವರ್‌ಗೆ ಸಿಕ್ಕಿದೆ ಎಂಬ ದಾಖಲೆ) ಅಂದಾಜು ನಗರದಲ್ಲೂ ನೂರಾರು ಮೀಟರ್ ಆಚೀಚೆ ಆಗುತ್ತದೆ. ಪಕ್ಕದ ಅಂಗಡಿಯಲ್ಲಿ ಕೂತವರ ಫೋನೂ ಲೆಕ್ಕಕ್ಕೆ ಸೇರುತ್ತದೆ. ಬಸ್ಸಿನಲ್ಲಿ 50 ಫೋನಿದ್ದರೆ ಅದು 50 ವಾಹನವಲ್ಲ. ಜಿಪಿಎಸ್ ತೆರೆದ ರಸ್ತೆಯಲ್ಲಿ ಕೆಲವೇ ಮೀಟರ್ ತಪ್ಪುತ್ತದೆ, ವೇಗವನ್ನು ಚೆನ್ನಾಗಿ ಹೇಳುತ್ತದೆ. ಆದರೆ ಲೊಕೇಶನ್ ಆನ್ ಇಟ್ಟವರನ್ನು ಮಾತ್ರ ಕಾಣುತ್ತದೆ. ಆಟೋ ಎಷ್ಟು, ಲಾರಿ ಎಷ್ಟು ಎಂದು ಎಣಿಸಲು ಕ್ಯಾಮೆರಾನೇ ಬೇಕು.

ಖರ್ಚಿಗೆ ಬಂದರೆ, ಕ್ಯಾಮೆರಾಗೆ ಕಂಬ, ಕರೆಂಟು, ಕೇಬಲ್, ಲೆನ್ಸ್ ಮೇಲಿನ ಧೂಳು ಒರೆಸುವ ಕೈ. ಟವರ್ ಈಗಾಗಲೇ ನಿಂತಿದೆ, ಸಾದಾ ಫೋನೂ ಸಾಕು.

ಹಾಗಾಗಿ ಸಿಗ್ನಲ್ ಸಮಯ ಹೊಂದಿಸಬೇಕಿದ್ದರೆ ಕ್ಯಾಮೆರಾ. ಹೊರವರ್ತುಲ ರಸ್ತೆಯಲ್ಲಿ ಪ್ರಯಾಣಕ್ಕೆ ಎಷ್ಟು ಹೊತ್ತು ಎಂದು ತಿಳಿಯಲು ಜಿಪಿಎಸ್. ತುಮಕೂರು, ರಾಮನಗರದಿಂದ ದಿನಾ ಎಷ್ಟು ಜನ ಬಂದುಹೋಗುತ್ತಾರೆ ಎಂದು ನೋಡಿ ಬಸ್ ಮಾರ್ಗ ಯೋಜಿಸುವವರಿಗೆ ಟವರ್ ಡೇಟಾ. ಫೋನಿನ ಡೇಟಾ ಯಾವುದೇ ಇರಲಿ, ನಂಬರು ಅಳಿಸಿ ಒಟ್ಟುಗೂಡಿಸಿದ ಲೆಕ್ಕವನ್ನಷ್ಟೇ ಪಡೆಯಿರಿ. ಮನೆ, ಕಚೇರಿ ಎರಡೂ ಗೊತ್ತಾದರೆ ಆ ವ್ಯಕ್ತಿ ಯಾರೆಂದು ಹುಡುಕುವುದು ಕಷ್ಟವೇ ಅಲ್ಲ.